ಮಧ್ಯಾಹ್ನಕ್ಕೆ ಪಬ್ಬು, ಇಳಿಹೊತ್ತಿಗೆ ಚಹಾ

ಶನಿವಾರ ಬೆಳಿಗ್ಗೆ ಲಂಡನ್ನಿನ ದೊಡ್ಡ ರೈಲು ನಿಲ್ದಾಣಗಳಲ್ಲಿ ಕೆಲವರನ್ನು ಅವರ ಕಾಲು ನೋಡಿಯೇ ಗುರುತಿಸಬಹುದು. ದಪ್ಪ ಅಟ್ಟೆಯ ಬೂಟು, ಅದರ ಮೇಲೆ ಹೋದ ವಾರದ ಒಣಗಿದ ಕೆಸರು. ಗಂಟೆ ಹೊತ್ತು ಪಯಣಿಸಿ ಯಾವುದೋ ಹಳ್ಳಿಯ ನಿಲ್ದಾಣದಲ್ಲಿ ಇಳಿದ ಮೇಲೆ ಒಬ್ಬರ ಬೂಟನ್ನು ಇನ್ನೊಬ್ಬರು ನೋಡಿ ನಗುತ್ತಾರೆ, ಒಟ್ಟಿಗೆ ಹೊಲದ ದಾರಿ ಹಿಡಿಯುತ್ತಾರೆ. ಹಿಂಡಿಗೆ ಮುಂದಾಳಿಲ್ಲ. ಊಟ ಎಲ್ಲಿ, ಚಹಾ ಎಲ್ಲಿ ಎಂಬುದು ಮಾತ್ರ ಎಲ್ಲರಿಗೂ ಮೊದಲೇ ಗೊತ್ತು.

ಈ ಏರ್ಪಾಡಿನ ಹಿಂದಿರುವುದು ಒಂದು ಪುಸ್ತಕ. 1997ರಲ್ಲಿ ನಿಕೊಲಸ್ ಆಲ್ಬರಿ ಲಂಡನ್ ಸುತ್ತಲಿನ 52 ನಡಿಗೆಗಳನ್ನು ಸೇರಿಸಿ 'ಟೈಮ್ ಔಟ್ ಬುಕ್ ಆಫ್ ಕಂಟ್ರಿ ವಾಕ್ಸ್' ತಂದರು. ಹತ್ತಬೇಕಾದ ರೈಲು, ತಿರುವು ತಿರುವಿನ ಗುರುತು, ನಡುದಾರಿಯಲ್ಲಿ ಪಬ್ಬು, ಕೊನೆಯಲ್ಲಿ ಚಹಾದಂಗಡಿ ಎಲ್ಲವೂ ಅದರಲ್ಲಿದ್ದವು. ಯಾವ ಶನಿವಾರ ಯಾವ ನಡಿಗೆ ಎಂದೂ ಸೂಚಿಸಿದ್ದರು. ಪುಸ್ತಕ ಕೊಂಡ ಅಪರಿಚಿತರು ಒಂದೇ ರೈಲು ಹತ್ತತೊಡಗಿದರು. ಸಂಘ ತಾನಾಗಿ ಹುಟ್ಟಿತು.

ಆದರೆ ಆಲ್ಬರಿ ಪೋಣಿಸಿದ ಮಣಿಗಳು ಹಳೆಯವು. 1879ರಲ್ಲಿ ಲೇಖಕ ಲೆಸ್ಲಿ ಸ್ಟೀಫನ್, ಅಂದರೆ ವರ್ಜೀನಿಯಾ ವುಲ್ಫ್ ಅವರ ತಂದೆ, 'ಸಂಡೇ ಟ್ರಾಂಪ್ಸ್' ಎಂಬ ಗೆಳೆಯರ ಬಳಗ ಕಟ್ಟಿದ್ದರು. ವಕೀಲರು, ಬರಹಗಾರರು ಭಾನುವಾರ ರೈಲಿನಲ್ಲಿ ಊರಾಚೆ ಹೋಗಿ ಮೈಲಿಗಟ್ಟಲೆ ನಡೆಯುತ್ತಿದ್ದರು. ಬಾಕ್ಸ್ ಹಿಲ್ ಎಂಬ ಗುಡ್ಡದ ಬುಡದಲ್ಲಿ ಮನೆ ಮಾಡಿದ್ದ ಕಾದಂಬರಿಕಾರ ಜಾರ್ಜ್ ಮೆರೆಡಿತ್ ಈ ನಡಿಗೆಗಾರರಿಗೆ ಊಟ ಹಾಕುತ್ತಿದ್ದರು. ದೊಡ್ಡವರ ಬಳಗಕ್ಕೆ ದೊಡ್ಡವರ ಮನೆಯೇ ಅರವಟ್ಟಿಗೆ.

ಉತ್ತರ ಇಂಗ್ಲೆಂಡಿನ ಕಾರ್ಖಾನೆ ಊರುಗಳಲ್ಲಿ ಕಥೆ ಬೇರೆ. ಶೆಫೀಲ್ಡ್‌ನ ಕಾರ್ಮಿಕನಿಗೆ ಸಿಗುತ್ತಿದ್ದುದು ವಾರಕ್ಕೊಂದು ದಿನ. ಬೆಳಿಗ್ಗೆ ಹೋಗಿ ಕತ್ತಲಾಗುವುದರೊಳಗೆ ರೈಲಿಗೆ ಮರಳಬೇಕು. ನಡಿಗೆಯ ಉದ್ದವನ್ನು ಅಳೆದದ್ದು ಆ ರಜೆಯೇ. 1894ರಲ್ಲಿ ಬೆಟ್ಟಗಳ ನಡುವಿನ ಈಡೇಲ್‌ಗೆ ರೈಲು ಬಂತು. 1900ರಲ್ಲಿ ಜಿ.ಎಚ್.ಬಿ. ವಾರ್ಡ್ ಶೆಫೀಲ್ಡ್‌ನಲ್ಲಿ 'ಕ್ಲಾರಿಯನ್ ರಾಂಬ್ಲರ್ಸ್' ಬಳಗ ಕಟ್ಟಿ ಕಿಂಡರ್ ಸ್ಕೌಟ್ ಬೆಟ್ಟದ ಸುತ್ತ ಮೊದಲ ನಡಿಗೆ ನಡೆಸಿದರು.

ಸುತ್ತ ನಡೆಯಬಹುದಿತ್ತು, ಮೇಲೆ ಹತ್ತುವಂತಿರಲಿಲ್ಲ. ಸಾಮಾನ್ಯರ ಮೇವುಭೂಮಿಗಳಿಗೆ ಕಾನೂನಿನ ಬಲದಿಂದ ಬೇಲಿ ಬಿದ್ದು ಬಹಳ ಕಾಲವಾಗಿತ್ತು. ಗ್ರೌಸ್ ಹಕ್ಕಿಯ ಬೇಟೆಗೆಂದು ಮೀಸಲಿಟ್ಟ ಬೆಟ್ಟದ ಮೇಲಿನ ಬಯಲನ್ನು ಜಮೀನುದಾರರ ಕಾವಲುಗಾರರು ದೊಣ್ಣೆ ಹಿಡಿದು ಕಾಯುತ್ತಿದ್ದರು. 1932ರ ಏಪ್ರಿಲ್ 24ರಂದು ಇಪ್ಪತ್ತರ ತರುಣ ಬೆನ್ನಿ ರಾತ್‌ಮನ್ ಮುಂದಾಳತ್ವದಲ್ಲಿ ಸುಮಾರು 400 ಜನ ಹೇಫೀಲ್ಡ್‌ನಿಂದ ಹೊರಟು ಬೇಕೆಂದೇ ಬೆಟ್ಟ ಹತ್ತಿದರು. ತಳ್ಳಾಟವಾಯಿತು. ಐವರಿಗೆ ಎರಡರಿಂದ ಆರು ತಿಂಗಳ ಜೈಲಾಯಿತು. ನಡೆದುದಕ್ಕೆ ಇಷ್ಟು ಶಿಕ್ಷೆಯೇ ಎಂದು, ಆ ಹಟ ಮೆಚ್ಚದವರಿಗೂ ಕಸಿವಿಸಿಯಾಯಿತು.

ಕೊನೆಗೆ ಕಾನೂನೇ ಬದಲಾಯಿತು. 1949ರ ಕಾಯ್ದೆ ಕಾಲುದಾರಿಗಳನ್ನು ನಕ್ಷೆಯಲ್ಲಿ ದಾಖಲಿಸುವ ಹೊಣೆಯನ್ನು ಸ್ಥಳೀಯ ಆಡಳಿತಕ್ಕೆ ಹೊರಿಸಿತು. ಒಮ್ಮೆ ದಾಖಲಾದ ದಾರಿಯನ್ನು ಜಮೀನಿನ ಒಡೆಯ ಸುಮ್ಮನೆ ಮುಚ್ಚುವಂತಿಲ್ಲ. 2000ದ ಕಾಯ್ದೆ ಬೆಟ್ಟಬಯಲುಗಳನ್ನೇ ನಡಿಗೆಗೆ ತೆರೆಯಿತು.

ಇವತ್ತು ಬ್ರಿಟನ್ನಿನ ನಕ್ಷೆ ಸಂಸ್ಥೆ ಆರ್ಡ್ನೆನ್ಸ್ ಸರ್ವೆಯ ಕಿತ್ತಳೆ ರಟ್ಟಿನ ನಕ್ಷೆ ಬಿಡಿಸಿದರೆ ಆ ದಾರಿಗಳು ಹಸಿರು ತುಂಡುಗೆರೆಗಳಾಗಿ ಹರಿದಾಡುತ್ತವೆ. ಪಕ್ಕದಲ್ಲೇ ಪುಟ್ಟ ನೀಲಿ ಬಿಯರ್ ಲೋಟವೊಂದು ಕಂಡರೆ ಅಲ್ಲಿ ಪಬ್ಬಿದೆ ಎಂದರ್ಥ. ಹೊಲದ ನಡುವೆ ಹೋಗುವ ಕಾಲುದಾರಿಯನ್ನು ಉತ್ತರೂ ರೈತ ಕನಿಷ್ಠ ಒಂದು ಮೀಟರ್ ಅಗಲಕ್ಕೆ ಮತ್ತೆ ಬಿಡಿಸಿಕೊಡಬೇಕು. ಬೆಳೆದು ನಿಂತ ಗೋಧಿಯ ನಡುವೆ ಬೈತಲೆ ತೆಗೆದಂತೆ ಅದು ನೇರ ಸಾಗುತ್ತದೆ. ಒಂಟಿಸಾಲಾಗಿ ಅದನ್ನು ದಾಟಿ, ಬೇಲಿಯ ಮೆಟ್ಟಿಲು ಹತ್ತಿಳಿದು ಬಂದವರು ಅಡುಗೆಮನೆ ಮುಚ್ಚುವ ಮುನ್ನ ಪಬ್ಬು ಸೇರಲು ಹೆಜ್ಜೆ ಚುರುಕು ಮಾಡುತ್ತಾರೆ. ಕೆಸರು ಬೂಟು ಬಾಗಿಲಾಚೆ ಸಾಲಾಗುತ್ತದೆ. ಕಾಲುಚೀಲದಲ್ಲೇ ಕುಳಿತು ಬಿಸಿ ಸೂಪು ಹೀರುತ್ತಾರೆ. ಸಂಜೆಗೆ ಇನ್ನೊಂದು ಊರಲ್ಲಿ ಕೆಟಲ್ ತುಂಬ ಚಹಾ, ಜೊತೆಗೆ ಜಾಮು, ದಪ್ಪ ಕೆನೆ ಹಚ್ಚಿದ ಸ್ಕೋನ್. ಕೈಗಡಿಯಾರದ ಕಡೆ ಒಂದು ಕಣ್ಣು, ಏಕೆಂದರೆ ರೈಲಿಗೆ ಹೊತ್ತಾಗುತ್ತದೆ.

ಜನ ಬರುವುದರಿಂದ ಹಳ್ಳಿಯ ಪಬ್ಬಿನ ಒಲೆ ಉರಿಯುತ್ತದೆ. ಪಬ್ಬಿದೆ ಎಂದು ಜನ ಆ ದಾರಿಯಲ್ಲೇ ಬರುತ್ತಾರೆ. ಕಾನೂನು ದಾರಿಗೆ ಹಕ್ಕು ಕೊಟ್ಟಿದೆ, ನಿಜ. ಆದರೆ ಒಂದು ಬೇಸಿಗೆ ಯಾರೂ ತುಳಿಯದಿದ್ದರೆ ಸೊಂಟದೆತ್ತರ ತುರಿಕೆ ಗಿಡ ಎದ್ದು ನಿಲ್ಲುತ್ತದೆ. ಅದು ತಲೆ ಎತ್ತದಂತೆ ತಡೆದಿರುವುದು ಶನಿವಾರದ ಆ ಕೆಸರು ಬೂಟುಗಳೇ.