ಗೋಡೆಯಾಚೆಯ ಪಾನಕ

ಬೇಸಗೆಯೆಂದರೆ ನಮ್ಮ ಮನೆಯಲ್ಲಿ ರಾಮನವಮಿಯ ಪಾನಕ. ಇಂಗ್ಲಿಷರ ಬೇಸಗೆಗೂ ತನ್ನದೇ ಆದ ಪಾನಕವುಂಟೆಂಬುದನ್ನು ನಾನು ತಿಳಿದದ್ದು ಪುಸ್ತಕದಿಂದಲ್ಲ. ವೈಟ್‌ಫೀಲ್ಡಿನ ಒಂದು ಹಿತ್ತಿಲ ಗೋಡೆಯ ಬಳಿ.

1882ರಲ್ಲಿ ಚಾಮರಾಜೇಂದ್ರ ಒಡೆಯರು ಆಂಗ್ಲೋ-ಇಂಡಿಯನ್ ಕುಟುಂಬಗಳು ನೆಲಸಿ ವ್ಯವಸಾಯ ಮಾಡಲೆಂದು ಸುಮಾರು 3,900 ಎಕರೆ ಭೂಮಿಯನ್ನಿತ್ತರು. ಆ ವಸತಿಗಾಗಿ ದುಡಿದ ಡಿ. ಎಸ್. ವೈಟ್ ಅವರ ಹೆಸರೇ ಊರಿಗೆ ನಿಂತಿತು. ಅಂಥ ಹಳೆಯ ಕುಟುಂಬವೊಂದರ ಹೆಂಚಿನ ಮನೆ ನಮ್ಮ ನೆರೆಯಲ್ಲಿತ್ತು. ಅಲ್ಲಿ ಒಬ್ಬರೇ ಇದ್ದ ವೃದ್ಧೆಯನ್ನು ನಾವು ಆಂಟಿಯೆಂದು ಕರೆಯುತ್ತಿದ್ದೆವು.

ಒಂದು ರಾಮನವಮಿಯಂದು ನನ್ನ ತಾಯಿ ಗೋಡೆಯ ಮೇಲಿಂದ ಅವರಿಗೆ ಪಾನಕ ಕೊಟ್ಟರು. ಮರುದಿನ ಆಂಟಿ ಗಾಜಿನ ಹೂಜಿ ಹಿಡಿದು ಬಂದರು. "ನಮ್ಮ ಪಾನಕ ಇದು. ಡ್ರಿಂಕ್ಸ್ ಹಾಕಿಲ್ಲಮ್ಮಾ, ಬರೀ ಟೀ ಡಿಕಾಕ್ಷನ್" ಎಂದರು.

ಮೂಲದಲ್ಲಿ ಇದು 'ಪಿಮ್ಸ್'. 19ನೆಯ ಶತಮಾನದಲ್ಲಿ ಲಂಡನ್ನಿನಲ್ಲಿ ಊಟದ ಅಂಗಡಿಯಿಟ್ಟಿದ್ದ ಜೇಮ್ಸ್ ಪಿಮ್ ಎಂಬಾತನ ಹೆಸರಿನದು. ಜಿನ್ನಿಗೆ ಮೂಲಿಕೆ, ಹಣ್ಣುಗಳ ಸಾರ ಬೆರೆತ ಕೆಂಗಂದು ಮದ್ಯ. ಅದರ ಒಂದು ಪಾಲಿಗೆ ನಿಂಬೆಯ ಸೋಡಾ ಎರಡು ಮೂರು ಪಾಲು. ಆಂಟಿಯ ಕ್ರಮದಲ್ಲಿ ಮದ್ಯದ ಸ್ಥಾನ ಚಹದ್ದು. ಕಡುಚಹದ ಬಿಸಿ ಡಿಕಾಕ್ಷನ್ನಿನಲ್ಲಿ ಶುಂಠಿ, ಕಿತ್ತಲೆಯ ಸಿಪ್ಪೆ ನೆನೆಹಾಕಿ, ಸೋಸಿ, ತಣಿಸಬೇಕು. ಹೂಜಿಗೆ ಐಸು, ಸೌತೆಕಾಯಿಯ ಬಿಲ್ಲೆ, ಕಿತ್ತಲೆಯ ಹೋಳು, ಸ್ಟ್ರಾಬೆರಿ. ಪುದೀನವನ್ನು ಅರೆಯದೆ ಅಂಗೈಯಲ್ಲಿ ಒಮ್ಮೆ ತಟ್ಟಿದರೆ ಪರಿಮಳ ಬಿಡುತ್ತದೆ. ನೊರೆ ಅಡಗದಂತೆ ಸೋಡಾ ಕಟ್ಟಕಡೆಗೆ.

ಇಂಗ್ಲಿಷಿನ 'ಪಂಚ್' ಎಂಬ ಪೇಯದ ಹೆಸರು ನಮ್ಮ 'ಪಂಚ'ದಿಂದ ಬಂದುದೆಂದು ಅನೇಕ ನಿಘಂಟುಗಳು ಹೇಳುತ್ತವೆ: ಮದ್ಯ, ಸಕ್ಕರೆ, ನಿಂಬೆ, ನೀರು, ಸಂಬಾರ. ತರಗತಿಯಲ್ಲಿ ಪದಗಳ ಈ ಕೊಳುಕೊಡೆಯನ್ನು ಉತ್ಸಾಹದಿಂದ ವಿವರಿಸುವ ನಾನು, ಅಂದು ಮನೆಯಲ್ಲಿ ಬಾಯಿ ತೆರೆಯಲಿಲ್ಲ. ಆಂಟಿ ಅತ್ತ ಹೋದೊಡನೆ ತಾಯಿ ಹೂಜಿಯನ್ನು ಕರಿಬೇವಿನ ಬುಡಕ್ಕೆ ಸುರಿದು, ತೊಳೆದಿಟ್ಟರು. ಅನ್ಯರ ಮನೆಯ ನೀರನ್ನೂ ಮುಟ್ಟದೆ ಬಾಳಿದ ಜೀವ ಅದು. ಮುಂದೆ ನಾಲ್ಕು ಬೇಸಗೆ ಹೀಗೆಯೇ ಕಳೆಯಿತು. ನಮ್ಮ ಪಾನಕವನ್ನು ಆಂಟಿ ನಮ್ಮೆದುರಿಗೇ ಕುಡಿದು ಲೋಟ ಹಿಂದಿರುಗಿಸುತ್ತಿದ್ದರು.

ಕಳೆದ ವರ್ಷ ಆ ಮನೆ ಮಾರಾಟವಾಯಿತು. ಆಂಟಿ ಮಗನಿರುವ ಆಸ್ಟ್ರೇಲಿಯಕ್ಕೆ ಹೊರಟರು. ಹೆಂಚು ಇಳಿಸಿದರು, ಗೋಡೆಯನ್ನೂ ಕೆಡವಿದರು. ಈ ರಾಮನವಮಿಯಂದು ತಾಯಿ ಪಾನಕ ಹಂಚಿ ಮುಗಿಸಿ, "ಅವರದ್ದು ಮಾಡೋಕೆ ನಿನಗೆ ಬರುತ್ತಲ್ಲ, ಮಾಡು" ಎಂದರು. ಮಾಡಿಕೊಟ್ಟೆ. ನಿಧಾನವಾಗಿ ಲೋಟ ಬರಿದುಮಾಡಿದರು.

"ಒಂದು ಚಿಟಿಕೆ ಮೆಣಸು ಬೇಕಿತ್ತು ಕಣೋ," ಎಂದರು. "ಅವರಿಗೆ ಹೇಳಬಹುದಾಗಿತ್ತು."