ಹುರುಪು ಇಳಿದ ದಿನವೂ ನಿಲ್ಲದ ಕೆಲಸ

ಕೆಲಸಕ್ಕೆ ಕೈಹಾಕಲು ಬೇಕಾಗುವ ಹುರುಪು ಏರಿಳಿಯುವ ಸ್ವಭಾವದ್ದು. ನೇಮಕಾತಿ ಅಧಿಸೂಚನೆ ಹೊರಬಿದ್ದ ದಿನ, ಪರಿಚಯದವರೊಬ್ಬರು ನೌಕರಿಗೆ ಆಯ್ಕೆಯಾದ ಸುದ್ದಿ ಕೇಳಿದ ದಿನ, ಯುಗಾದಿಯ ಬೆಳಿಗ್ಗೆ ಅದು ಉಕ್ಕುತ್ತದೆ. ವಾರ ಕಳೆಯುವಷ್ಟರಲ್ಲಿ ಇಳಿದುಹೋಗುತ್ತದೆ. ಹೀಗೆ ಇಳಿದಾಗ ಹೆಚ್ಚಿನವರು ದೋಷ ತಮ್ಮದೇ ಎಂದುಕೊಳ್ಳುತ್ತಾರೆ. ತಮ್ಮಲ್ಲಿ ಛಲವಿಲ್ಲ, ಆತ್ಮವಿಶ್ವಾಸ ಸಾಲದು ಎಂದು ಕೊರಗುತ್ತಾರೆ. ಮೊದಲು ವಿಶ್ವಾಸ ಬರಲಿ, ಆಮೇಲೆ ಕೆಲಸ ಶುರುಮಾಡೋಣ ಎಂದು ಕಾಯುತ್ತಾರೆ. ವಿಶ್ವಾಸ ಬರುವ ದಾರಿ ಮಾತ್ರ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದುದು. ಸಣ್ಣದಾದರೂ ಒಂದು ಕೆಲಸ ಮೊದಲು ಆಗುತ್ತದೆ, ಅದರ ಬೆನ್ನಿಗೆ ವಿಶ್ವಾಸ ಬರುತ್ತದೆ. ಆ ಸಣ್ಣ ಕೆಲಸವನ್ನು ಹುರುಪಿನ ಹಂಗಿಲ್ಲದೆ ದಿನವೂ ನಡೆಸಿಕೊಂಡು ಹೋಗುವುದು ರೂಢಿ. ವಿಜಯಪುರ, ತಿಕೋಟಾ, ಬಬಲೇಶ್ವರದ ಬದುಕಿನಲ್ಲಿ ಇದಕ್ಕೆ ಬೇಕಾದಷ್ಟು ನಿದರ್ಶನಗಳಿವೆ.

ವಿಶ್ವಾಸ ಬರುವ ನಾಲ್ಕು ದಾರಿ

'ಈ ಕೆಲಸ ನನ್ನಿಂದ ಆಗುತ್ತದೆ' ಎಂಬ ನಂಬಿಕೆ ಮನುಷ್ಯನಲ್ಲಿ ಹೇಗೆ ಹುಟ್ಟುತ್ತದೆ ಎಂಬುದನ್ನು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ವಿವರಿಸಿದರು. ಅವರ ಪ್ರಕಾರ ಅದಕ್ಕೆ ನಾಲ್ಕು ಮೂಲಗಳು. ಮೊದಲನೆಯದು, ತಾನೇ ಮಾಡಿ ಗೆದ್ದ ಅನುಭವ. ಎರಡನೆಯದು, ತನ್ನಂಥವರೇ ಆದ ಇನ್ನೊಬ್ಬರು ಮಾಡಿದ್ದನ್ನು ಕಣ್ಣಾರೆ ಕಾಣುವುದು. ಮೂರನೆಯದು, ನಂಬಿಕೆಗೆ ಅರ್ಹರಾದವರ ಪ್ರೋತ್ಸಾಹದ ಮಾತು. ನಾಲ್ಕನೆಯದು, ದೇಹ ಮತ್ತು ಮನಸ್ಸಿನ ಆಗಿನ ಸ್ಥಿತಿ: ನಿದ್ದೆಗೆಟ್ಟವನಿಗೆ, ಎದೆ ಡವಗುಟ್ಟುತ್ತಿರುವವನಿಗೆ ಸಣ್ಣ ಕೆಲಸವೂ ಬೆಟ್ಟವಾಗಿ ಕಾಣುತ್ತದೆ. ಈ ನಾಲ್ಕರಲ್ಲಿ ಮೊದಲನೆಯದಕ್ಕೇ ಬಲ ಹೆಚ್ಚು. ಪ್ರೋತ್ಸಾಹದ ಭಾಷಣ ಕೇಳಿ ಬಂದ ವಿಶ್ವಾಸ ಬೇಗ ಕರಗಲು, ಮಾಡಿ ನೋಡಿದ್ದರಿಂದ ಬಂದ ವಿಶ್ವಾಸ ಉಳಿಯಲು ಇದೇ ಕಾರಣ.

ವಿಜಯಪುರದ ರಾಜೇಶ್ವರಿ ಗಾಯಕವಾಡ ಅವರ ಕ್ರಿಕೆಟ್ ಬದುಕಿನಲ್ಲಿ ಇದು ಎದ್ದು ಕಾಣುತ್ತದೆ. 1991ರಲ್ಲಿ ಹುಟ್ಟಿದ ಈ ಎಡಗೈ ಸ್ಪಿನ್ನರ್ 2014ರ ಜನವರಿಯಲ್ಲಿ ಭಾರತ ತಂಡಕ್ಕೆ ಮೊದಲ ಏಕದಿನ ಪಂದ್ಯ ಆಡಿದರು. ಮೂರು ವರ್ಷಗಳ ಬಳಿಕ, 2017ರಲ್ಲಿ, ಇಂಗ್ಲೆಂಡಿನಲ್ಲಿ ವಿಶ್ವಕಪ್ ನಡೆದಾಗ ಅವರು ತಂಡದಲ್ಲಿದ್ದರೂ ಆರಂಭದ ಪಂದ್ಯಗಳಲ್ಲಿ ಆಡುವ ಹನ್ನೊಂದರಲ್ಲಿ ಸ್ಥಾನ ಸಿಗಲಿಲ್ಲ. ಜುಲೈ 15ರಂದು ಡರ್ಬಿಯಲ್ಲಿ ನ್ಯೂಜಿಲೆಂಡ್ ಎದುರಿನ ಪಂದ್ಯ ಬಂತು. ಗೆದ್ದವರಿಗಷ್ಟೇ ಸೆಮಿಫೈನಲ್ ಅವಕಾಶವಿದ್ದ ಆ ಪಂದ್ಯದಲ್ಲಿ ಅವರ ಕೈಗೆ ಚೆಂಡು ಸಿಕ್ಕಿತು. 15 ರನ್ ಕೊಟ್ಟು ಐದು ವಿಕೆಟ್ ಕಿತ್ತರು. ನ್ಯೂಜಿಲೆಂಡ್ 79 ರನ್ನಿಗೆ ಕುಸಿಯಿತು, ಭಾರತ 186 ರನ್ನುಗಳಿಂದ ಗೆದ್ದಿತು.

ಜನರ ನೆನಪಿನಲ್ಲಿ ಉಳಿದಿರುವುದು ಆ ಐದು ವಿಕೆಟ್. ಆದರೆ ಆ ದಿನದ ಧೈರ್ಯ ಆ ದಿನವೇ ಹುಟ್ಟಿದ್ದಲ್ಲ. ಮೈದಾನದ ಹೊರಗೆ ಕುಳಿತಿದ್ದಾಗಲೂ ಬೌಲಿಂಗ್ ಹದ ತಪ್ಪದಂತೆ ನೋಡಿಕೊಂಡ ಆಟಗಾರ್ತಿಗೆ ಮಾತ್ರ, ಕರೆ ಬಂದ ಕೂಡಲೇ ಮೊದಲ ಓವರಿನಿಂದಲೇ ನಂಬಿಕೆಯಿಂದ ಚೆಂಡು ಹಾಕಲು ಸಾಧ್ಯ. ಅವಕಾಶ ಯಾವಾಗ ಬರುತ್ತದೆ ಎಂಬುದು ಆಟಗಾರರ ಕೈಯಲ್ಲಿಲ್ಲ. ಬಂದಾಗ ಸಿದ್ಧವಾಗಿರುವುದು ಅವರ ಕೈಯಲ್ಲಿದೆ. ವಿಜಯಪುರದ ಹುಡುಗಿಯರಿಗೆ ಅವರ ಗೆಲುವು ಬಂಡೂರ ಹೇಳಿದ ಎರಡನೆಯ ಮೂಲವೂ ಆಯಿತು. ತಮ್ಮದೇ ಊರಿನ ಹೆಣ್ಣುಮಗಳು ವಿಶ್ವಕಪ್ ಆಡಿದ್ದನ್ನು ಕಂಡ ಮೇಲೆ ಅದು ತಮಗೆ ನಿಲುಕದ್ದು ಎಂದು ಹೇಳುವುದು ಕಷ್ಟ.

ರೂಢಿ ಬೇರೂರುವ ಬಗೆ

ಯಾವುದೇ ರೂಢಿ 21 ದಿನಗಳಲ್ಲಿ ನೆಲೆಗೊಳ್ಳುತ್ತದೆ ಎಂಬ ಮಾತು ಎಲ್ಲೆಡೆ ಪ್ರಚಲಿತವಾಗಿದೆ. ಇದರ ಮೂಲ 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಬರೆದ ಪುಸ್ತಕ. ಶಸ್ತ್ರಚಿಕಿತ್ಸೆಯಾದವರು ಬದಲಾದ ತಮ್ಮ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಮೂರು ವಾರವಾದರೂ ಬೇಕು ಎಂದು ಅವರು ಗಮನಿಸಿದ್ದರು. 'ಕನಿಷ್ಠ' ಎಂಬುದು ಬಾಯಿಂದ ಬಾಯಿಗೆ ಬರುವಾಗ ಬಿಟ್ಟುಹೋಯಿತು. ಮುಂದೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ಅಧ್ಯಯನ ನಡೆಸಿ 2010ರಲ್ಲಿ ಪ್ರಕಟಿಸಿದರು. ಊಟದ ಜೊತೆ ಹಣ್ಣು ತಿನ್ನುವುದು, ಸ್ವಲ್ಪ ದೂರ ಓಡುವುದು ಮುಂತಾದ ಒಂದೊಂದು ಕೆಲಸವನ್ನು ಆರಿಸಿಕೊಂಡು, ದಿನವೂ ಒಂದೇ ಸಂದರ್ಭದಲ್ಲಿ ಆ 96 ಜನ ಅದನ್ನು ಮಾಡಬೇಕಿತ್ತು. ಕೆಲಸ ತಾನಾಗಿ ನಡೆಯುವ ಮಟ್ಟ ಮುಟ್ಟಲು ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನ ಬೇಕಾಗಬಹುದೆಂಬ ಅಂದಾಜು ಸಿಕ್ಕಿತು. ನಡುಮಟ್ಟದ ಅವಧಿ 66 ದಿನ. ಅದೇ ಅಧ್ಯಯನದ ಇನ್ನೊಂದು ಫಲಿತಾಂಶ ಎಲ್ಲರಿಗೂ ಸಮಾಧಾನ ತರುವಂಥದ್ದು: ನಡುವೆ ಒಂದು ದಿನ ತಪ್ಪಿದರೆ ರೂಢಿ ಕೆಡುವುದಿಲ್ಲ. ಕೆಡುವುದು, ತಪ್ಪಿದ ಒಂದು ದಿನವನ್ನೇ ನೆಪ ಮಾಡಿ ಪೂರ್ತಿ ಕೈಬಿಟ್ಟಾಗ.

ಹಾಗಾದರೆ ರೂಢಿಯನ್ನು ಕಟ್ಟುವುದು ಹೇಗೆ? ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಜರ್ ಅವರ ಸಂಶೋಧನೆ ಇಲ್ಲಿ ನೆರವಿಗೆ ಬರುತ್ತದೆ. ಏನು ಮಾಡಬೇಕು ಎಂದಷ್ಟೇ ನಿರ್ಧರಿಸುವವರಿಗಿಂತ ಯಾವಾಗ, ಎಲ್ಲಿ, ಯಾವುದರ ಬೆನ್ನಿಗೆ ಮಾಡಬೇಕು ಎಂದು ಗೊತ್ತುಮಾಡಿಕೊಳ್ಳುವವರು ಕೆಲಸ ಪೂರೈಸುವ ಸಾಧ್ಯತೆ ಹೆಚ್ಚು ಎಂದು ಅವರು ತೋರಿಸಿದರು.

ವಿಜಯಪುರದ ಓದುಗರಿಗೆ ಇದು ತೀರ ಹತ್ತಿರದ ವಿಷಯ. ಪೊಲೀಸ್ ಕಾನ್‌ಸ್ಟೆಬಲ್, ಎಫ್‌ಡಿಎ, ಎಸ್‌ಡಿಎ, ಪಿಡಿಒ, ಕೆಎಎಸ್ ಪರೀಕ್ಷೆಗಳಿಗೆ ತಯಾರಿ ನಡೆಸಲು ಸುತ್ತಲಿನ ತಾಲ್ಲೂಕುಗಳ ಯುವಕ ಯುವತಿಯರು ಈ ನಗರಕ್ಕೆ ಬರುತ್ತಾರೆ. ಅವರಲ್ಲಿ ಒಬ್ಬ ವಿದ್ಯಾರ್ಥಿ 'ನಾಳೆಯಿಂದ ಚೆನ್ನಾಗಿ ಓದುತ್ತೇನೆ' ಎಂದುಕೊಂಡರೆ ಆ ನಾಳೆಗೆ ಹೊತ್ತುಗೊತ್ತು ಇರುವುದಿಲ್ಲ. 'ಮುಂಜಾನೆ ಚಹಾ ಕುಡಿದು ಕಪ್ಪು ಕೆಳಗಿಟ್ಟ ಕೂಡಲೇ ಐದು ಲೆಕ್ಕ ಬಿಡಿಸುತ್ತೇನೆ' ಎಂದುಕೊಂಡರೆ ಚಹಾದ ಕಪ್ಪೇ ನೆನಪು ಮಾಡಿಕೊಡುತ್ತದೆ. ತಿಕೋಟಾದಿಂದಲೋ ಬಬಲೇಶ್ವರದಿಂದಲೋ ದಿನವೂ ಬಸ್ಸಿನಲ್ಲಿ ಓಡಾಡುವವರು 'ಬಸ್ಸು ತಡವಾದರೆ ನಿಲ್ದಾಣದಲ್ಲೇ ನಿನ್ನೆಯ ಟಿಪ್ಪಣಿ ತಿರುವಿಹಾಕುತ್ತೇನೆ' ಎಂದು ಮೊದಲೇ ಗೊತ್ತುಮಾಡಿಕೊಳ್ಳಬಹುದು. ಆಗ ತಡವಾದ ಬಸ್ಸೂ ಓದಿನ ವೇಳೆಯೇ ಆಗುತ್ತದೆ.

ಕಾನ್‌ಸ್ಟೆಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಪುರುಷರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು. ಎಂದೂ ಓಡದವರು ಮೊದಲ ದಿನವೇ ಅಷ್ಟು ದೂರಕ್ಕೆ ಹೊರಟರೆ ಅರ್ಧದಲ್ಲೇ ಏದುಸಿರು ಬಂದು, ಮರುದಿನ ಕಾಲು ಹಿಡಿದು, ಮೂರನೆಯ ದಿನ ಮೈದಾನದ ಕಡೆ ಮುಖ ಹಾಕುವುದಿಲ್ಲ. ಅದೇ ಮೊದಲ ವಾರ ನಡಿಗೆ, ನಡುನಡುವೆ ಸ್ವಲ್ಪ ಓಟ, ಆಮೇಲೆ ಒಂದು ಸುತ್ತು, ಎರಡು ಸುತ್ತು ಎಂದು ಏರಿಸುತ್ತ ಹೋದರೆ ಪ್ರತಿ ವಾರವೂ ಕೈಗೆ ಒಂದು ಸಣ್ಣ ಗೆಲುವು ಸಿಗುತ್ತದೆ. ಬಿಸಿಲು ನಲವತ್ತು ಡಿಗ್ರಿ ಮುಟ್ಟುವ ಈ ಊರಿನಲ್ಲಿ ಓಟಕ್ಕೆ ನಸುಕಿನ ಹೊತ್ತೇ ಸರಿ. ಹಿಂದಿನ ರಾತ್ರಿಯೇ ಬೂಟು, ಬಟ್ಟೆ, ನೀರಿನ ಬಾಟಲಿ ಬಾಗಿಲ ಬಳಿ ಇಟ್ಟು ಮಲಗಿದವರಿಗೆ ಏಳುವುದು ಅರ್ಧ ಹಗುರವಾಗುತ್ತದೆ. ಓಡಿದ ದಿನಕ್ಕೆ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿಟ್ಟರೆ, ಧೈರ್ಯಗೆಟ್ಟ ಹೊತ್ತಿನಲ್ಲಿ ಆ ಗುರುತುಗಳೇ ಸಾಕ್ಷಿ ಹೇಳುತ್ತವೆ.

ಫಲ ಕಾಣದ ತಿಂಗಳುಗಳು

ರೂಢಿ ಹಿಡಿದವರನ್ನು ಹೆಚ್ಚು ಕಾಡುವುದು ನಡುವಿನ ಕಾಲ. ಕೆಲಸ ನಡೆಯುತ್ತಿರುತ್ತದೆ, ಫಲ ಕಾಣುವುದಿಲ್ಲ. ಈ ಕಾಲವನ್ನು ದಾಟುವ ಬಗೆಯನ್ನು ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರು ಚೆನ್ನಾಗಿ ಬಲ್ಲರು. ದ್ರಾಕ್ಷಿಗೆ ವರ್ಷದಲ್ಲಿ ಎರಡು ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ. ಏಪ್ರಿಲ್ ಚಾಟ್ನಿಯಲ್ಲಿ ಬಳ್ಳಿಯನ್ನು ಗಿಡ್ಡವಾಗಿ ಕತ್ತರಿಸುತ್ತಾರೆ. ಆಮೇಲೆ ಬರುವ ಹೊಸ ಕಡ್ಡಿಗಳ ಕಣ್ಣಿನೊಳಗೆ, ಚಾಟ್ನಿಯಾದ ಸುಮಾರು 40ರಿಂದ 60ನೆಯ ದಿನದ ನಡುವೆ, ಮುಂದಿನ ಗೊನೆ ರೂಪುಗೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಬರೀ ಎಲೆ. ಆದರೆ ಆ ಉರಿಬಿಸಿಲಿನಲ್ಲಿ ನೀರಿನ ಹದ ತಪ್ಪಿದರೆ, ಬೇಡದ ಚಿಗುರು ತೆಗೆಯದೆ ಬಿಟ್ಟರೆ, ಅಕ್ಟೋಬರ್ ಚಾಟ್ನಿಯ ನಂತರ ಬರಬೇಕಾದ ಗೊನೆಗಳು ಕಡಿಮೆಯಾಗುತ್ತವೆ. ಹಣ್ಣು ಕೊಯ್ಲಿಗೆ ಬರುವುದು ಬೇಸಿಗೆಯ ಹೊಸ್ತಿಲಲ್ಲಿ. ಅದಕ್ಕೆ ಬುನಾದಿ ಹಾಕುವ ದುಡಿಮೆ ಹಿಂದಿನ ಬೇಸಿಗೆಯಲ್ಲೇ ಮುಗಿದಿರುತ್ತದೆ. ಓದು, ವ್ಯಾಯಾಮ, ಕಸುಬು, ಸಂಗೀತ, ಎಲ್ಲದರಲ್ಲೂ ಇಂಥ ಏಪ್ರಿಲ್ ತಿಂಗಳುಗಳಿವೆ. ಆಗ ಕೇಳಿಕೊಳ್ಳಬೇಕಾದದ್ದು ಇಂದಿನ ಕೆಲಸ ಆಯಿತೇ ಎಂಬುದು, ಗೊನೆ ಬಂತೇ ಎಂಬುದಲ್ಲ.

ಈ ತಾಳ್ಮೆಯ ದೊಡ್ಡ ನಿದರ್ಶನ ವಿಜಯಪುರದಲ್ಲೇ ಬಾಳಿದ ಫ.ಗು. ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ವಕೀಲಿ ವೃತ್ತಿಗಾಗಿ ವಿಜಯಪುರಕ್ಕೆ ಬಂದರು. ಕೋರ್ಟಿನ ಕೆಲಸದ ಜೊತೆಜೊತೆಗೇ ಊರೂರಿನ ಮಠ, ಮನೆಗಳಲ್ಲಿದ್ದ ವಚನಗಳ ತಾಳೆಗರಿ ಕಟ್ಟುಗಳನ್ನು ಸಂಗ್ರಹಿಸಿ, ಓದಿ, ಶುದ್ಧ ಪ್ರತಿ ಮಾಡುತ್ತ ಹೋದರು. ಸಿದ್ಧಪಡಿಸಿದ ಹಸ್ತಪ್ರತಿಯನ್ನು ಮಂಗಳೂರಿನ ಮುದ್ರಣಾಲಯಕ್ಕೆ ಕಳಿಸಿದಾಗ ಅದು ಅಚ್ಚಾಗದೆ ಮರಳಿತು. ಅವರು ಅಲ್ಲಿಗೇ ಬಿಡಲಿಲ್ಲ. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಯಿತು. 1925ರಲ್ಲಿ ಮನೆ ಮಾರಿ ವಿಜಯಪುರದಲ್ಲೇ 'ಹಿತಚಿಂತಕ' ಮುದ್ರಣಾಲಯ ಸ್ಥಾಪಿಸಿದರು. ಮರುವರ್ಷ 'ಶಿವಾನುಭವ' ಪತ್ರಿಕೆ ಆರಂಭಿಸಿದರು.

ಪತ್ರಿಕೆ ನಡೆಸುವವರಿಗೆ ಮನಸ್ಸು ಬಂದಾಗ ಬರೆಯುವ ಅನುಕೂಲವಿಲ್ಲ. ಸಂಚಿಕೆ ಹೊತ್ತಿಗೆ ಸರಿಯಾಗಿ ಹೊರಬರಬೇಕು, ಅದಕ್ಕೆ ಬೇಕಾದಷ್ಟು ಪ್ರತಿ ಸಿದ್ಧವಾಗಬೇಕು, ಮೊಳೆ ಜೋಡಿಸಿದ್ದನ್ನು ತಿದ್ದಬೇಕು. ಸ್ವಂತ ಮುದ್ರಣಾಲಯ, ಸ್ವಂತ ಪತ್ರಿಕೆ ಎಂಬ ಏರ್ಪಾಡು ಹುರುಪು ಇಳಿದ ದಿನವೂ ಕೆಲಸ ನಿಲ್ಲದಂತೆ ಕಾಯಿತು. ಹಣಕಾಸಿನ ಸಂಕಟ ಕೊನೆಯವರೆಗೂ ಬೆನ್ನುಬಿಡಲಿಲ್ಲ. ಆದರೂ ನೂರಾರು ವಚನಕಾರರು ಕನ್ನಡ ಓದುಗರಿಗೆ ಮರಳಿ ಸಿಕ್ಕರು. 1964ರಲ್ಲಿ ತೀರಿಕೊಂಡ ಅವರನ್ನು ನಾಡು ವಚನ ಪಿತಾಮಹ ಎಂದು ನೆನೆಯುತ್ತದೆ.

ಹೊಗಳಿಕೆ ಮತ್ತು ಸೋಲು

ಹೀಗೆ ಸೋತರೂ ಬಿಡದ ಮನೋಭಾವದ ಬೀಜ ಬೀಳುವುದು ಮನೆಯಲ್ಲಿ. 1998ರಲ್ಲಿ ಕ್ಲಾಡಿಯಾ ಮ್ಯುಲರ್ ಮತ್ತು ಕ್ಯಾರಲ್ ಡ್ವೆಕ್ ಐದನೆಯ ತರಗತಿಯ ಮಕ್ಕಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಒಗಟುಗಳನ್ನು ಬಿಡಿಸಿದ ಮೇಲೆ ಕೆಲವು ಮಕ್ಕಳಿಗೆ ಬುದ್ಧಿವಂತಿಕೆಗಾಗಿ, ಇನ್ನು ಕೆಲವರಿಗೆ ಪಟ್ಟ ಶ್ರಮಕ್ಕಾಗಿ ಶಹಬ್ಬಾಸ್‌ಗಿರಿ ಸಿಕ್ಕಿತು. ಮುಂದಿನ ಕಠಿಣ ಒಗಟಿನಲ್ಲಿ ಸೋತಾಗ ಬುದ್ಧಿವಂತಿಕೆಯ ಹೊಗಳಿಕೆ ಪಡೆದ ಮಕ್ಕಳು ಬೇಗ ಕೈಚೆಲ್ಲಿದರು. ಶ್ರಮಕ್ಕೆ ಹೊಗಳಿಕೆ ಪಡೆದವರು ಮತ್ತೆ ಪ್ರಯತ್ನಿಸಿದರು. ವಿಜಯಪುರದ ಮನೆಗಳಲ್ಲಿ 'ನಮ್ಮ ಹುಡುಗ ಭಾಳ ಶಾಣ್ಯಾ' ಎಂಬ ಮಾತು ಪ್ರೀತಿಯಿಂದಲೇ ಬರುತ್ತದೆ. ಅದರ ಬದಲು 'ಮೂರು ಸಲ ಬಿಡಿಸಿ ನೋಡಿದಿ, ಅದಕ್ಕ ಬಂತು ನೋಡು' ಎಂದರೆ, ಮುಂದಿನ ಸಲ ಲೆಕ್ಕ ತಪ್ಪಿದಾಗ ಏನು ಮಾಡಬೇಕೆಂಬುದೂ ಮಗುವಿಗೆ ತಿಳಿಯುತ್ತದೆ. ಮನೋಭಾವ ತಿದ್ದಿದರೆ ಎಲ್ಲವೂ ಸರಿಹೋಗುತ್ತದೆ ಎಂದಲ್ಲ. ಮುಂದೆ ನಡೆದ ದೊಡ್ಡ ಅಧ್ಯಯನಗಳಲ್ಲಿ ಇದರ ಪರಿಣಾಮ ಸಣ್ಣದಾಗಿಯೇ ಕಂಡಿತು. ಒಳ್ಳೆಯ ಪಾಠ, ಸಾಕಷ್ಟು ಅಭ್ಯಾಸ, ತಪ್ಪು ತೋರಿಸಿ ತಿದ್ದುವ ಶಿಕ್ಷಕರು, ಇವೆಲ್ಲ ಜೊತೆಗಿದ್ದರೆ ಮಾತ್ರ ಅದು ಫಲ ಕೊಡುತ್ತದೆ.

ಸೋಲನ್ನೂ ಹೀಗೇ ನೋಡಬೇಕು. ಪರೀಕ್ಷೆಯಲ್ಲಿ ಆಯ್ಕೆಯಾಗದವರು 'ನನ್ನ ಹಣೆಬರಹ' ಎಂದು ಮುಚ್ಚಿಡದೆ ಅಂಕಪಟ್ಟಿ ಬಿಡಿಸಿ ನೋಡಿದರೆ, ಸಾಮಾನ್ಯ ಜ್ಞಾನದಲ್ಲಿ ಹೋಯಿತೋ ಲೆಕ್ಕದಲ್ಲಿ ವೇಳೆ ಸಾಲಲಿಲ್ಲವೋ ಗೊತ್ತಾಗುತ್ತದೆ. ಹುದ್ದೆಗಳ ಸಂಖ್ಯೆ, ಪರೀಕ್ಷೆ ಮುಂದೂಡಿಕೆ ಅಭ್ಯರ್ಥಿಯ ಕೈಯಲ್ಲಿಲ್ಲ; ದಿನದ ಐದು ಲೆಕ್ಕ ಕೈಯಲ್ಲಿವೆ.

ಸರಳವಾದಷ್ಟೂ ಬಾಳಿಕೆ

ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿದ್ದ ಸಿದ್ಧೇಶ್ವರ ಸ್ವಾಮೀಜಿ ಬದುಕನ್ನು ಎಷ್ಟು ಸರಳಗೊಳಿಸಬಹುದು ಎಂಬುದನ್ನು ನಡೆದು ತೋರಿಸಿದರು. ಜೇಬಿಲ್ಲದ ಬಿಳಿ ಅಂಗಿ, ನಸುಕಿನ ಪ್ರವಚನ, ಹೇಳಿದ ಹೊತ್ತಿಗೆ ಆರಂಭ, ಹೇಳಿದ ಹೊತ್ತಿಗೆ ಮುಕ್ತಾಯ. 2018ರಲ್ಲಿ ಘೋಷಣೆಯಾದ ಪದ್ಮಶ್ರೀಯನ್ನು ಗೌರವದಿಂದಲೇ ಬೇಡವೆಂದರು. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ ಅಂತಿಮ ದರ್ಶನಕ್ಕೆ ಲಕ್ಷಾಂತರ ಜನ ಸೇರಿದರು. ಸಂಸಾರಸ್ಥರು ಅವರಂತೆ ಬದುಕಬೇಕಿಲ್ಲ. ಆದರೆ ಏಳುವ, ಉಣ್ಣುವ, ಮಲಗುವ ಹೊತ್ತು ಗೊತ್ತಿದ್ದವರಿಗೆ 'ಈಗ ಮಾಡಲೋ ಆಮೇಲೆ ಮಾಡಲೋ' ಎಂಬ ತಾಕಲಾಟ ಕಡಿಮೆ. ಮೊಬೈಲನ್ನು ಇನ್ನೊಂದು ಕೋಣೆಯಲ್ಲಿ ಚಾರ್ಜಿಗೆ ಹಾಕಿ ಮಲಗುವುದು, ಏಳೆಂಟು ತಾಸು ನಿದ್ದೆ, ದಿನಕ್ಕೆ ಅರ್ಧ ತಾಸು ನಡಿಗೆ, ಜೊತೆಗೆ ಓದುವ ಅಥವಾ ಓಡುವ ಒಬ್ಬ ಗೆಳೆಯ: ಇಷ್ಟಿದ್ದರೆ ಉಳಿದ ರೂಢಿಗಳಿಗೆ ನೆಲೆ ಸಿಗುತ್ತದೆ.

ಎಲ್ಲ ನಿರುತ್ಸಾಹವೂ ರೂಢಿಯಿಂದ ನೀಗುವಂಥದ್ದಲ್ಲ. ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ನಿದ್ದೆ, ಊಟ ಕೆಟ್ಟರೆ, ಬದುಕೇ ಬೇಡ ಎನಿಸಿದರೆ ಅದನ್ನು ಸೋಮಾರಿತನ ಎಂದು ಜರೆಯಬಾರದು. ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮನೆಯವರು ಮೊದಲು ಕೇಳಿಸಿಕೊಳ್ಳಬೇಕು, ಬುದ್ಧಿಮಾತು ಆಮೇಲೆ.

ಉಳಿದವರು ನಾಳೆಗೆ ಒಂದೇ ಒಂದು ಕೆಲಸ ಆರಿಸಿಕೊಂಡರೆ ಸಾಕು. ಎಷ್ಟು ಸಣ್ಣದೆಂದರೆ, ಮನಸ್ಸಿಲ್ಲದ ದಿನವೂ ಮಾಡಿ ಮುಗಿಸುವಷ್ಟು ಸಣ್ಣದು. ಅದಕ್ಕೊಂದು ಹೊತ್ತು, ಒಂದು ಜಾಗ ಗೊತ್ತುಮಾಡಲಿ. ತಪ್ಪಿದರೆ ಮರುದಿನ ಮತ್ತೆ ಮಾಡಲಿ. ಎರಡು ತಿಂಗಳು ಹೀಗೆ ನಡೆಸಿದವರಿಗೆ ತಮ್ಮ ಮೇಲೆ ನಂಬಿಕೆ ಇಡಲು ಬೇರೆಯವರ ಮಾತು ಬೇಕಾಗುವುದಿಲ್ಲ. ಮಾಡಿದ ಕೆಲಸವೇ ಕಣ್ಣೆದುರಿಗಿರುತ್ತದೆ.