ಕಿರುಗಣಕಕ್ಕೆ ಎಂಜಿನಿಯರಿಂಗ್ ತಂತ್ರಾಂಶವನ್ನು ತರುವ ಬಗೆ

೨೦೧೨ನೆಯ ಇಸವಿಯ ಫೆಬ್ರವರಿಯಲ್ಲಿ ಇಂಗ್ಲೆಂಡಿನಿಂದ ರಾಸ್ಪ್‌ಬೆರಿ ಪೈ ಎಂಬ ಕಿರುಗಣಕವು ೩೫ ಡಾಲರು ಬೆಲೆಗೆ ಹೊರಬಂದಿತು. ಅಂಗೈಯಗಲದ ಈ ಯಂತ್ರವು ಹವ್ಯಾಸಿಗಳ ಕೈಗೆ ಎಟುಕಿತಾದರೂ, ಎಂಜಿನಿಯರುಗಳ ತಂತ್ರಾಂಶವೆಲ್ಲವೂ ಅದರಲ್ಲಿ ಒಡನೆಯೇ ನಡೆಯುವಂತಿರಲಿಲ್ಲ. ಇದರ ಕಾರಣವನ್ನು ವಿಚಾರಿಸೋಣ.

ಪ್ರತಿಯೊಂದು ಬಗೆಯ ಸಂಸ್ಕಾರಕಕ್ಕೂ ತನ್ನದೇ ಆದ ಆಜ್ಞೆಗಳ ಭಾಷೆಯುಂಟು. ಮೇಜಿನ ಗಣಕಗಳಲ್ಲಿ ಬಹುಮಟ್ಟಿಗೆ ಇಂಟೆಲ್ ಪರಂಪರೆಯ ಭಾಷೆಯಿದ್ದರೆ, ಪೈ ಗಣಕದಲ್ಲಿರುವುದು ಆರ್ಮ್ ಭಾಷೆ. ಒಂದಕ್ಕಾಗಿ ಸಿದ್ಧವಾದ ತಂತ್ರಾಂಶವು ಇನ್ನೊಂದಕ್ಕೆ ಅರ್ಥವಾಗದು. ಮನುಷ್ಯರು ಓದಬಲ್ಲ ಮೂಲಲೇಖದಿಂದ ಅದನ್ನು ಮರಳಿ ಕಂಪೈಲ್ ಮಾಡಬೇಕು.

ಇದಕ್ಕೆ ಎರಡು ಮಾರ್ಗಗಳುಂಟು. ಗಣಿತಕಾರ್ಯದ ಮ್ಯಾಥಮ್ಯಾಟಿಕಾ ೨೦೧೩ರ ನವೆಂಬರಿನಲ್ಲಿ ಆರ್ಮ್‌ಗೆ ಹೊಂದಿಕೆಯಾಗಿ ಬಂದು, ಪೈ ಗಣಕವುಳ್ಳವರಿಗೆ ಉಚಿತವಾಗಿ ದೊರೆಯಿತು. ಅಳತೆ, ನಿಯಂತ್ರಣಗಳಿಗೆ ಬಳಸುವ ಲ್ಯಾಬ್‌ವ್ಯೂ ಬೇರೆ ಹಾದಿಯನ್ನು ಹಿಡಿಯಿತು: ಚಿತ್ರರೂಪದ ಪ್ರೋಗ್ರಾಮನ್ನು ಮೇಜಿನ ಗಣಕದಲ್ಲಿ ರಚಿಸಿ, ನಡೆಸಲು ಬೇಕಾದಷ್ಟನ್ನು ಮಾತ್ರ ಪೈ ಗಣಕಕ್ಕೆ ಕಳುಹಿಸುವುದು. ೨೦೨೦ರಲ್ಲಿ ಬಂದ ಅದರ ಸಮುದಾಯ ಆವೃತ್ತಿಯು ವ್ಯಾಪಾರೇತರ ಉಪಯೋಗಕ್ಕೆ ಉಚಿತ.

ಆದರೆ ಈ ಎರಡರ ಮೂಲಲೇಖಗಳೂ ಒಡೆಯರ ವಶದಲ್ಲಿವೆ. ಅವರು ಮನಸ್ಸು ಮಾಡದ ಹೊರತು ಹೊಸ ಬಗೆಯ ಯಂತ್ರಕ್ಕೆ ಅವು ಬಾರವು. ಗ್ನೂ ಆಕ್ಟೇವ್‌ನ ಮೂಲಲೇಖವಾದರೋ ಬಹಿರಂಗವಾದುದು. ಡೆಬಿಯನ್ ಬಳಗದವರು ಅದನ್ನು ಆರ್ಮ್‌ಗಾಗಿಯೂ ಕಂಪೈಲ್ ಮಾಡಿ ಹಂಚುತ್ತಾರೆ. ಯಂತ್ರವು ಅಗ್ಗವಾದ ಮಾತ್ರಕ್ಕೆ ಹವ್ಯಾಸಿಯು ಸ್ವತಂತ್ರನಾಗನು. ಮೂಲಲೇಖವು ಯಾರ ಕೈಯಲ್ಲಿದೆ ಎಂಬುದನ್ನೂ ಅವನು ವಿಚಾರಿಸತಕ್ಕುದು.